ಸಿನಿಮಾ ಹಾಡಿನ ಪಕ್ಕ ನನ್ನ ಹಾಡು ಯಾಕೆ ಸಣ್ಣಗೆ ಕೇಳಿಸುತ್ತದೆ? ಮನೆಯಲ್ಲೇ ಮಾಸ್ಟರಿಂಗ್ ಕಲಿಯಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ವಚನ, ದೇವರನಾಮಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಲು ಶುರು ಮಾಡಿದ್ದೇನೆ. ಹತ್ತಡಿಗೆ ಹತ್ತಡಿ ರೂಮು. ಒಂದು ಕಂಡೆನ್ಸರ್ ಮೈಕು, ಸಣ್ಣ ಇಂಟರ್‌ಫೇಸ್, ಎರಡು ಐದಿಂಚಿನ ಸ್ಪೀಕರ್, ಒಂದು ಹೆಡ್‌ಫೋನ್ ಇವೆ. ನನ್ನ ಧ್ವನಿ, ತಂಬೂರಿ, ತಬಲಾ, ಕೊಳಲು, ಸ್ವಲ್ಪ ಕೀಬೋರ್ಡ್ ಇಷ್ಟೇ ಇರುವುದು. ನನ್ನ ಶ್ರುತಿ ಐದು ಮನೆ. ಮೊದಲ ಹಾಡು ಮೀಟರಿನಲ್ಲಿ ಮೈನಸ್ 19 ಲಫ್ಸ್ ಇತ್ತು. ಸಿನಿಮಾ ಹಾಡಿನ ಪಕ್ಕ ತುಂಬಾ ಸಣ್ಣಗೆ ಕೇಳಿಸಿತು. ಎರಡನೆಯದಕ್ಕೆ ಲಿಮಿಟರ್ ಹಾಕಿ ಮೈನಸ್ 9ಕ್ಕೆ ತಂದೆ. ನನ್ನ ರೂಮಲ್ಲಿ ಜೋರಾಗಿಯೇ ಇತ್ತು, ಯೂಟ್ಯೂಬಲ್ಲಿ ಅಷ್ಟು ಜೋರಿಲ್ಲ. ಧ್ವನಿ ಮಾತ್ರ ಚಪ್ಪಟೆಯಾಯಿತು, ಡಗ್ಗಾ (ತಬಲಾ ಜೋಡಿಯ ದೊಡ್ಡ, ಎಡಗೈ ವಾದ್ಯ) ಬಿದ್ದಾಗಲೆಲ್ಲ ಹಾಡು ಒಳಗೆ ಹೋದಂತೆ ಆಗುತ್ತದೆ. ಕಾರಿನಲ್ಲಿ ಹಾಕಿದರೆ ಬರೀ ಗುಂಯ್ ಅನ್ನುತ್ತದೆ. ಒಬ್ಬರು ಒಳ್ಳೆ ಪ್ಲಗಿನ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಮೈನಸ್ 14 ಇರಲೇಬೇಕು ಅಂತಾರೆ. ಮತ್ತೊಬ್ಬರು ಮನೆಯಲ್ಲಿ ಮಾಸ್ಟರಿಂಗ್ ಆಗುವ ಮಾತೇ ಅಲ್ಲ ಅಂತಾರೆ. ಸ್ಟುಡಿಯೋದವರು ಒಂದು ಹಾಡಿಗೆ 5,000 ರೂಪಾಯಿ ಕೇಳಿದರು. ಆರು ವಚನಗಳನ್ನು ಒಟ್ಟಿಗೆ ಹೊರತರುವ ಆಸೆ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳಿವೆ. ಹಾಡು ಸಣ್ಣಗೆ ಕೇಳಿಸುವುದು, ಧ್ವನಿ ಚಪ್ಪಟೆಯಾಗುವುದು, ಕಾರಿನಲ್ಲಿ ಗುಂಯ್ ಅನ್ನುವುದು. ಮೂರಕ್ಕೂ ಮಾಸ್ಟರಿಂಗೇ, ಅಂದರೆ ಬೆರೆಸಿ ಮುಗಿದ ಹಾಡಿಗೆ ಕೊನೆಯಲ್ಲಿ ಮಾಡುವ ತಿದ್ದುಪಡಿಯೇ, ಕಾರಣ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲನೆಯದು ಯೂಟ್ಯೂಬಿನ ಲೆಕ್ಕಾಚಾರ. ಎರಡನೆಯದು ನಿಮ್ಮ ಮಿಕ್ಸ್‌ನದು, ಅಂದರೆ ಧ್ವನಿ, ವಾದ್ಯಗಳನ್ನು ಒಂದಾಗಿ ಬೆರೆಸಿದ ರೀತಿಯದು. ಮೂರನೆಯದು ನಿಮ್ಮ ರೂಮಿನದು. ಮನೆಯಲ್ಲೇ ಮಾಸ್ಟರಿಂಗ್ ಕಲಿಯಬಹುದು, ಖಂಡಿತ. ಆದರೆ ಕಲಿಯಬೇಕಾದ್ದು ಲಿಮಿಟರ್ ತಿರುಗಿಸುವುದನ್ನಲ್ಲ. ಯಾವ ತೊಂದರೆಯನ್ನು ಎಲ್ಲಿ ಸರಿಮಾಡಬೇಕು ಅಂತ ಗುರುತಿಸುವುದನ್ನು.

ಮೊದಲು ಜೋರಿನ ವಿಷಯ ಮುಗಿಸೋಣ. ಯೂಟ್ಯೂಬ್, ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್ ಎಲ್ಲವೂ ಒಂದೊಂದು ಹಾಡಿನ ಸರಾಸರಿ ಜೋರನ್ನು ಅಳೆಯುತ್ತವೆ. ಲಫ್ಸ್ ಅನ್ನುವುದು ಆ ಅಳತೆ. ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಹಾಡು ಜೋರು. ಕಿವಿಗೆ ಹೇಗೆ ಕೇಳಿಸುತ್ತದೋ ಅದಕ್ಕೆ ಹತ್ತಿರವಾಗಿರಲಿ ಅಂತಲೇ ಅದನ್ನು ಮಾಡಿದ್ದು. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ರ ಸುತ್ತ ಹಾಡು ನುಡಿಸುತ್ತದೆ. ಆ್ಯಪಲ್ ಮ್ಯೂಸಿಕ್ ಮೈನಸ್ 16. ಯೂಟ್ಯೂಬ್ ಕೂಡ ಸುಮಾರು ಮೈನಸ್ 14. ಯೂಟ್ಯೂಬಿನದು ಒಂದು ವಿಶೇಷ ಇದೆ. ಅದಕ್ಕಿಂತ ಜೋರಾದ ಹಾಡನ್ನು ಅದು ತಗ್ಗಿಸುತ್ತದೆ, ಸಣ್ಣಗಿರುವ ಹಾಡನ್ನು ಎತ್ತುವುದಿಲ್ಲ.

ಈಗ ನಿಮ್ಮ ಎರಡು ಹಾಡುಗಳನ್ನು ನೋಡಿ. ಮೈನಸ್ 19ರ ಹಾಡು ಮೈನಸ್ 19ರಲ್ಲೇ ಉಳಿಯಿತು. ಸಿನಿಮಾ ಹಾಡು ಮೈನಸ್ 8ರಲ್ಲಿತ್ತು ಅಂದುಕೊಳ್ಳಿ, ಅದು ತಗ್ಗಿ ಮೈನಸ್ 14ಕ್ಕೆ ಬಂತು. ಆದರೂ ಇಬ್ಬರ ನಡುವೆ 5 ಡೆಸಿಬಲ್ ಅಂತರ. ಅದಕ್ಕೇ ನಿಮ್ಮದು ಸಣ್ಣಗೆ ಕೇಳಿಸಿದ್ದು. ಎರಡನೆಯ ಹಾಡನ್ನು ಮೈನಸ್ 9ಕ್ಕೆ ಎತ್ತಿದಿರಿ. ಯೂಟ್ಯೂಬ್ ಅದರಲ್ಲಿ 5 ಡೆಸಿಬಲ್ ವಾಪಸ್ ತೆಗೆದುಕೊಂಡಿತು. ಧ್ವನಿ ಜಜ್ಜಿಹೋಗಿದ್ದು ಮಾತ್ರ ಹಾಗೇ ಉಳಿಯಿತು. ಮೈನಸ್ 14ಕ್ಕೆ ನಿಲ್ಲಿಸಿದ್ದರೂ ಅಲ್ಲಿ ಅಷ್ಟೇ ಜೋರು ಸಿಗುತ್ತಿತ್ತು, ಧ್ವನಿಗೆ ಅಷ್ಟು ಪೆಟ್ಟು ಬೀಳುತ್ತಿರಲಿಲ್ಲ.

ಇದನ್ನು ನೀವೇ ನೋಡಬಹುದು. ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ, 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಅಲ್ಲಿ 'ಕಂಟೆಂಟ್ ಲೌಡ್‌ನೆಸ್' ಅಂತ ಒಂದು ಸಂಖ್ಯೆ ಇರುತ್ತದೆ. ಪ್ಲಸ್ ಇದ್ದರೆ ಯೂಟ್ಯೂಬ್ ಅಷ್ಟು ತಗ್ಗಿಸುತ್ತಿದೆ. ಮೈನಸ್ ಇದ್ದರೆ ಹಾಡು ಅದರ ಮಟ್ಟಕ್ಕಿಂತ ಅಷ್ಟು ಕೆಳಗಿದೆ. ನಿಮಗಿಷ್ಟವಾದ ನಾಲ್ಕೈದು ಹಾಡುಗಳಲ್ಲಿ ನೋಡಿ. ಯಾರ ಮಾತೂ ಬೇಡ, ವಿಷಯ ತಾನಾಗಿ ಗೊತ್ತಾಗುತ್ತದೆ.

ಹಾಗಂತ 'ಮೈನಸ್ 14 ಇರಲೇಬೇಕು' ಅನ್ನುವುದೂ ಸರಿಯಲ್ಲ. ಅದು ಅವರು ನುಡಿಸುವ ಮಟ್ಟ, ನಿಮಗೆ ಹಾಕಿದ ನಿಯಮ ಅಲ್ಲ. ತಂಬೂರಿ ಜೊತೆ ನಿಧಾನವಾಗಿ ಹಾಡಿದ ಒಂದು ವಚನ ಮೈನಸ್ 16ರಲ್ಲೇ ಚೆನ್ನಾಗಿ ಕೂತರೆ ಅಲ್ಲೇ ಬಿಡಿ. ತಾಳವಾದ್ಯ ಜಾಸ್ತಿ ಇರುವ ಹಾಡು ಕಷ್ಟವಿಲ್ಲದೆ ಮೈನಸ್ 12ಕ್ಕೆ ಬಂದರೆ ಅದೂ ತಪ್ಪಲ್ಲ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಫೈಲಿಗೆ ಈ ಲೆಕ್ಕ ಇಲ್ಲ, ಅಲ್ಲಿ ಸಣ್ಣಗಿರುವುದು ಸಣ್ಣಗೇ ಕೇಳಿಸುತ್ತದೆ. ನಿಮ್ಮ ಸಂಗೀತಕ್ಕೆ ಮೈನಸ್ 16ರಿಂದ ಮೈನಸ್ 13ರ ಒಳಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಚಪ್ಪಟೆಯಾದ ಧ್ವನಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ ಮಾತು 'ಡಗ್ಗಾ ಬಿದ್ದಾಗಲೆಲ್ಲ ಹಾಡು ಒಳಗೆ ಹೋಗುತ್ತದೆ' ಅನ್ನುವುದು. ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ನೀವು ಹಾಡನ್ನು ಎತ್ತಿದಾಗ ಲಿಮಿಟರ್ ಮಾಡುವುದು ಒಂದೇ ಕೆಲಸ. ನೀವು ಕಟ್ಟಿದ ಮಿತಿಯನ್ನು ಯಾವುದಾದರೂ ಶಬ್ದ ದಾಟಲು ಹೋದರೆ ಆ ಕ್ಷಣಕ್ಕೆ ಇಡೀ ಹಾಡನ್ನು ಕೆಳಗೆ ಒತ್ತುತ್ತದೆ. ದಾಟಿದ್ದು ಡಗ್ಗಾ, ಧ್ವನಿ ಅಲ್ಲ ಅಂತ ಅದಕ್ಕೆ ಗೊತ್ತಿಲ್ಲ. ತಬಲಾದವರು 'ಘೆ' ಒತ್ತಿ ಬಾರಿಸಿದಾಗ 100 ಹರ್ಟ್ಸ್‌ಗಿಂತ ಕೆಳಗೆ ದೊಡ್ಡ ಅಲೆ ಏಳುತ್ತದೆ. ನಿಮ್ಮ ಸಣ್ಣ ಸ್ಪೀಕರಿನಲ್ಲಿ ಅದು ಅರ್ಧವೂ ಕೇಳಿಸುವುದಿಲ್ಲ, ಮೊಬೈಲಿನಲ್ಲಿ ಕೇಳಿಸುವುದೇ ಇಲ್ಲ. ಆದರೆ ಬಸ್ಸಿನಲ್ಲಿ ಎರಡು ಸೀಟು ಹಿಡಿದು ಕೂತವರ ಹಾಗೆ ಜಾಗವನ್ನೆಲ್ಲ ಅದೇ ತಿಂದಿರುತ್ತದೆ. ನೀವು 10 ಡೆಸಿಬಲ್ ಎತ್ತಿದಾಗ ಪ್ರತಿ 'ಘೆ'ಗೂ ಲಿಮಿಟರ್ ನಿಮ್ಮ ಧ್ವನಿಯನ್ನೂ ಸೇರಿಸಿ ಅದುಮಿದೆ.

ಎಷ್ಟು ದುಬಾರಿ ಲಿಮಿಟರ್ ತಂದರೂ ಇದು ಪೂರ್ತಿ ಹೋಗುವುದಿಲ್ಲ. ಸರಿಮಾಡುವ ಜಾಗ ಮಿಕ್ಸ್. ತಬಲಾ ಮತ್ತು ಡಗ್ಗಾಗೆ ಬೇರೆ ಬೇರೆ ಟ್ರ್ಯಾಕ್ ಇದ್ದರೆ ಡಗ್ಗಾಕ್ಕೆ ಮಾತ್ರ ಕಂಪ್ರೆಸರ್ ಹಾಕಿ, ಜೋರಾದ ಪೆಟ್ಟುಗಳನ್ನು 3–4 ಡೆಸಿಬಲ್ ತಗ್ಗಿಸಿ. ಒಂದೇ ಟ್ರ್ಯಾಕ್ ಇದ್ದರೆ 40 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್‌ನಿಂದ ತೆಗೆಯಿರಿ. ತೀರಾ ಏಳುವ ಪೆಟ್ಟುಗಳ ವಾಲ್ಯೂಮನ್ನು ಕೈಯಿಂದಲೇ ಒಂದೊಂದಾಗಿ ಇಳಿಸಿ. ತಾಳ್ಮೆ ಬೇಕು, ಆದರೆ ಇದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ. ಆಮೇಲೆ ಅದೇ ಲಿಮಿಟರ್ ಹಾಕಿ ನೋಡಿ. ಹಾಡು ಮೈನಸ್ 14ಕ್ಕೆ ಸಲೀಸಾಗಿ ಬರುತ್ತದೆ.

ತಂಬೂರಿಯ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ಸಂಗೀತದಲ್ಲಿ ಮಾಸ್ಟರಿಂಗ್ ಮಾಡುವವರಿಗೆ ಅದರಷ್ಟು ಒಳ್ಳೆಯ ಪರೀಕ್ಷಕ ಬೇರೆ ಇಲ್ಲ. ಅದು ಒಂದೇ ಸಮನೆ ಮೀಟುತ್ತಿರುತ್ತದೆ. ಲಿಮಿಟರ್ ಅಥವಾ ಕಂಪ್ರೆಸರ್ ಅತಿಯಾದರೆ ಪೆಟ್ಟು ಬಿದ್ದಾಗ ತಂಬೂರಿ ತಗ್ಗುತ್ತದೆ, ಪೆಟ್ಟು ಮುಗಿದ ಮೇಲೆ ಮೇಲೇಳುತ್ತದೆ. ಸಾಲು ಮುಗಿಸಿ ನೀವು ಉಸಿರೆಳೆದುಕೊಳ್ಳುವ ಜಾಗದಲ್ಲಿ ಇದು ಎದ್ದು ಕಾಣುತ್ತದೆ. ಹಾಗಾಗಿ ಲಿಮಿಟರ್ ಹಾಕಿದ ಮೇಲೆ ಧ್ವನಿಯನ್ನು ಬಿಟ್ಟು ತಂಬೂರಿಯನ್ನು ಮಾತ್ರ ಗಮನಿಸಿ ಒಮ್ಮೆ ಪೂರ್ತಿ ಕೇಳಿ. ಅದು ಅಲುಗಾಡುತ್ತಿದ್ದರೆ ಒಂದೆರಡು ಡೆಸಿಬಲ್ ಹಿಂದೆ ಬನ್ನಿ.

ಇನ್ನೊಂದು ಎಚ್ಚರಿಕೆ. ಇಂಟರ್‌ನೆಟ್ಟಿನ ಪಾಠಗಳಲ್ಲಿ ಪದೇ ಪದೇ ಕೇಳುತ್ತೀರಿ: '200ರಿಂದ 400 ಹರ್ಟ್ಸ್ ನಡುವೆ ಮಬ್ಬು ಇರುತ್ತದೆ, ಅದನ್ನು ಕತ್ತರಿಸಿ.' ಆ ಪಾಠ ಗಿಟಾರು, ಡ್ರಮ್ಸ್, ಸ್ವರಮೇಳ ಬದಲಾಗುತ್ತಾ ಹೋಗುವ ಹಾಡುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಿಮ್ಮ ಶ್ರುತಿ ಐದು ಮನೆ. ಅಂದರೆ ಮಧ್ಯ ಷಡ್ಜ 196 ಹರ್ಟ್ಸ್. ಪಂಚಮ 294. ತಾರ ಷಡ್ಜ 392. ಅವರು ಕತ್ತರಿಸು ಅಂದ ಜಾಗದಲ್ಲೇ ನಿಮ್ಮ ಮಧ್ಯ ಸ್ಥಾಯಿ ಇದೆ! ನಮ್ಮಲ್ಲಿ ಷಡ್ಜ ಹಾಡಿನುದ್ದಕ್ಕೂ ಕದಲುವುದಿಲ್ಲ. ಧ್ವನಿ, ತಂಬೂರಿ, ಶ್ರುತಿಗೆ ಕೂಡಿಸಿದ ತಬಲಾ ಎಲ್ಲವೂ ಅದೇ ಷಡ್ಜದ ಮೇಲೆ ನಿಂತಿರುತ್ತವೆ. ಅಲ್ಲಿ ಶಕ್ತಿ ಹೆಚ್ಚು ತುಂಬಿಕೊಳ್ಳುವುದು ಸಹಜ. ಇಡೀ ಹಾಡಿನ ಮೇಲೆ ಆ ಜಾಗದಲ್ಲಿ ಕತ್ತರಿ ಹಾಕಿದರೆ ಧ್ವನಿಯ ಮೈಯೇ ಹೋಗುತ್ತದೆ. ಮಬ್ಬು ಇದೆ ಅನ್ನಿಸಿದರೆ ತಂಬೂರಿಯನ್ನು ಸ್ವಲ್ಪ ತಗ್ಗಿಸಿ. ಕೀಬೋರ್ಡಿನಲ್ಲಿ ಎಡಗೈ ಸ್ವರಗಳನ್ನು ನುಡಿಸದೆ ಬಿಡಿ. ಮೈಕಿಗೆ ತೀರಾ ಅಂಟಿಕೊಂಡು ಹಾಡುತ್ತಿದ್ದೀರಾ ಅಂತಲೂ ನೋಡಿ. ಸಾಮಾನ್ಯ ಕಂಡೆನ್ಸರ್ ಮೈಕಿಗೆ ಎರಡಿಂಚು ಹತ್ತಿರದಿಂದ ಹಾಡಿದರೆ ಕೆಳಗಿನ ಸ್ವರಗಳು ಉಬ್ಬುತ್ತವೆ. ಒಂದು ಗೇಣು ದೂರ ನಿಂತರೆ ಅರ್ಧ ಮಬ್ಬು ರೆಕಾರ್ಡಿಂಗಿನಲ್ಲೇ ಕಳೆಯುತ್ತದೆ.

'ಸ', 'ಶ' ಚುಚ್ಚುತ್ತಿದ್ದರೆ ಡಿ-ಎಸ್ಸರ್ ಅನ್ನು ಧ್ವನಿಯ ಟ್ರ್ಯಾಕಿಗೆ ಹಾಕಿ. ಇಡೀ ಹಾಡಿಗೆ ಹಾಕಿದರೆ ಕೊಳಲಿನ ಉಸಿರೂ ತಬಲಾದ ಅಂಚಿನ ಪೆಟ್ಟೂ ಮಂಕಾಗುತ್ತವೆ.

ಇನ್ನು ಕಾರಿನ ಗುಂಯ್. ಇದಕ್ಕೆ ನಿಮ್ಮ ರೂಮೇ ಕಾರಣ ಅಂತ ಬಹುತೇಕ ಖಚಿತವಾಗಿ ಹೇಳಬಲ್ಲೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತಡಿ ಅಂದರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ 56 ಹರ್ಟ್ಸ್ ಅಲೆ ಸರಿಯಾಗಿ ಹಿಡಿದುಕೊಳ್ಳುತ್ತದೆ. ಅದರ ದುಪ್ಪಟ್ಟು 112ರ ಹತ್ತಿರವೂ ಅದೇ ಕಥೆ. ನಿಮ್ಮ ರೂಮಿನ ಉದ್ದ, ಅಗಲ ಎರಡೂ ಒಂದೇ. ಚಾವಣಿಯೂ ಹತ್ತಡಿ ಇದ್ದರೆ ಮೂರು ಕಡೆಯಿಂದಲೂ ಅದೇ ಸ್ವರ ಒತ್ತುತ್ತದೆ. ಇಷ್ಟೇ ಆದರೆ ಬಾಸ್ ಜಾಸ್ತಿ ಕೇಳಿಸಬೇಕಿತ್ತು ಅಲ್ವಾ? ಆದರೆ 56 ಹರ್ಟ್ಸ್ ಗೋಡೆ ಪಕ್ಕ ಜೋರಾಗಿರುತ್ತದೆ, ರೂಮಿನ ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ನೀವು ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರೆ ಬಾಸ್ ಸಾಲದು ಅನ್ನಿಸುತ್ತದೆ. ಏರಿಸುತ್ತೀರಿ. ಕಾರಿನಂಥ ಚಿಕ್ಕ ಜಾಗದಲ್ಲಿ ಬಾಸ್ ತಾನೇ ತಾನಾಗಿ ಏರುತ್ತದೆ. ಏರಿಸಿದ್ದು, ಏರಿದ್ದು ಎರಡೂ ಸೇರಿ ಗುಂಯ್ ಅನ್ನುತ್ತದೆ.

ಪರೀಕ್ಷೆ ಸುಲಭ. ಸಾಫ್ಟ್‌ವೇರಿನ ಟೋನ್ ಜನರೇಟರಿನಿಂದ 56 ಹರ್ಟ್ಸ್ ಸ್ವರವನ್ನು ಮೆಲ್ಲಗೆ ಹಾಕಿ. ಐದಿಂಚಿನ ಸ್ಪೀಕರಿಗೆ ಇದು ಕೆಳಗಿನ ಸ್ವರವೇ, ಜೋರು ಮಾಡಬೇಡಿ. ಕೇಳಿಸದಿದ್ದರೆ 112 ಹಾಕಿ. ಗೋಡೆಯಿಂದ ನಡುವಿಗೆ ನಿಧಾನವಾಗಿ ನಡೆಯಿರಿ. ಅದೇ ಸ್ವರ ಏಳುವುದು, ಬೀಳುವುದು ಕಿವಿಗೇ ಗೊತ್ತಾಗುತ್ತದೆ. ಸ್ಪೀಕರ್ ಇರುವ ಗೋಡೆಯಿಂದ ಸುಮಾರು 38 ಪ್ರತಿಶತ ದೂರ, ನಿಮ್ಮ ರೂಮಿನಲ್ಲಿ ಪೌಣೆ ನಾಲ್ಕಡಿ, ಕುರ್ಚಿ ಹಾಕಿ ನೋಡುವುದು ವಾಡಿಕೆ. ಅಲ್ಲಿಂದ ಅರ್ಧ ಅಡಿ ಹಿಂದೆ ಮುಂದೆ ಮಾಡಿ ಜಾಗ ಹುಡುಕಿಕೊಳ್ಳಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಡಿ. ಅದು ಹೊರಗಿನ ಶಬ್ದವನ್ನೂ ತಡೆಯುವುದಿಲ್ಲ, ಒಳಗಿನ ಬಾಸನ್ನೂ ಹೀರುವುದಿಲ್ಲ. ಬೇಗ ಬೆಂಕಿ ಹಿಡಿಯುತ್ತದೆ ಬೇರೆ. ಒಂದಿಂಚಿನ ಫೋಮ್ ಕೂಡ ಮೇಲಿನ ಸ್ವರಗಳನ್ನು ಮಾತ್ರ ಹೀರುತ್ತದೆ. ಆಗ ರೂಮು ಮಂಕಾಗುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. 56 ಹರ್ಟ್ಸ್ ಅಲೆಯ ಉದ್ದ ಆರು ಮೀಟರ್. ಅದಕ್ಕೆ ಒಂದಿಂಚು ಲೆಕ್ಕಕ್ಕೇ ಇಲ್ಲ. ಖರ್ಚು ಮಾಡುವುದಾದರೆ ನಾಲ್ಕಿಂಚು ಅಥವಾ ಅದಕ್ಕೂ ದಪ್ಪದ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ ಉಣ್ಣೆಯಂಥ ವಸ್ತು) ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿಸಿ ಮೂಲೆಗಳಲ್ಲಿ ನಿಲ್ಲಿಸಿ. ಅದರಿಂದಲೂ 56 ಪೂರ್ತಿ ಹೋಗುವುದಿಲ್ಲ, 112ರ ಹತ್ತಿರ ಮತ್ತು ಮೇಲೆ ಮಾತ್ರ ಒಳ್ಳೆ ವ್ಯತ್ಯಾಸ ಸಿಗುತ್ತದೆ. ಬಟ್ಟೆ ತುಂಬಿದ ಅಲ್ಮೇರಾ, ದಪ್ಪ ಹಾಸಿಗೆ ಅದೇ ರೂಮಿನಲ್ಲಿದ್ದರೆ ಇರಲಿ, ಒಳ್ಳೆಯದೇ.

ರೂಮು ಸರಿಯಿಲ್ಲದಾಗ ಹೆಡ್‌ಫೋನ್ ನಿಜಕ್ಕೂ ಉಪಕಾರಿ, ಏಕೆಂದರೆ ಅದರಲ್ಲಿ ಗೋಡೆಗಳಿಲ್ಲ. ಬಾಸ್ ತೀರ್ಮಾನವನ್ನು ಅದರಲ್ಲಿ ಮಾಡಿ. ಆದರೆ ಎಡ-ಬಲದ ಹರವು ಹೆಡ್‌ಫೋನಿನಲ್ಲಿ ನಿಜಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ. ರಿವರ್ಬ್, ಅಂದರೆ ಧ್ವನಿಗೆ ಸೇರಿಸಿದ ಅನುರಣನ, ಕೂಡ ಬೇರೆಯೇ ತೂಕದಲ್ಲಿ ಕೇಳಿಸುತ್ತದೆ. ಅವೆರಡನ್ನು ಸ್ಪೀಕರಿನಲ್ಲಿ ನೋಡಿ. ಕೊನೆಗೆ ಮೊಬೈಲಿನಲ್ಲಿ ಕೇಳಿ, ಸಾಹಿತ್ಯದ ಪ್ರತಿ ಪದ ತಿಳಿಯುತ್ತಿದೆಯೇ ಅಂತ. ವಚನ ಹಾಡುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಹಾಗಾದರೆ ಮಾಸ್ಟರಿಂಗ್ ಕಲಿಯುವುದು ಎಲ್ಲಿಂದ? ನಾನು ಒಂದೇ ಒಂದು ಅಭ್ಯಾಸ ಹೇಳಬೇಕಾದರೆ ಇದನ್ನು ಹೇಳುತ್ತೇನೆ: ಜೋರು ಸಮ ಮಾಡಿಕೊಂಡು ಹೋಲಿಸಿ. ಕಿವಿಗೆ ಜೋರಾದದ್ದೆಲ್ಲ ಚಂದ ಕೇಳಿಸುತ್ತದೆ. ಜೋರು ಹೆಚ್ಚಾದಂತೆ ಬಾಸ್ ಮತ್ತು ಮೇಲಿನ ಸ್ವರಗಳು ಇನ್ನೂ ಚೆನ್ನಾಗಿ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಲಿಮಿಟರ್ 6 ಡೆಸಿಬಲ್ ಎತ್ತಿದರೆ ಹಾಡು ಚೆನ್ನಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಎತ್ತಿದಷ್ಟನ್ನೇ ಕೊನೆಯಲ್ಲಿ ಇಳಿಸಿ, ಆಮೇಲೆ ಲಿಮಿಟರ್ ಹಾಕಿ-ತೆಗೆದು ಕೇಳಿ. ಈಗ ಯಾವುದು ಚೆನ್ನ? ಈಕ್ವಲೈಸರ್ (ಬಾಸ್, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು), ಕಂಪ್ರೆಸರ್ ಎಲ್ಲದಕ್ಕೂ ಹೀಗೇ ಮಾಡಿ. ಸಿನಿಮಾ ಹಾಡನ್ನು ಪಕ್ಕದಲ್ಲಿಟ್ಟು ಹೋಲಿಸುವಾಗಲೂ ಅದನ್ನು 5–6 ಡೆಸಿಬಲ್ ಇಳಿಸಿಯೇ ಹೋಲಿಸಿ. ಇನ್ನೂ ಒಳ್ಳೆಯದು, ನಿಮ್ಮ ಹಾಡಿನಂಥದೇ ವಾದ್ಯಗಳಿರುವ ಒಂದು ಸುಗಮ ಸಂಗೀತದ ರೆಕಾರ್ಡಿಂಗ್ ಆರಿಸಿಕೊಳ್ಳುವುದು.

ಮಿಕ್ಸ್ ಮುಗಿದ ದಿನವೇ ಮಾಸ್ಟರಿಂಗಿಗೆ ಕೂರಬೇಡಿ. ಎರಡು ಮೂರು ದಿನ ಬಿಡಿ. ಕೂತ ಮೇಲೆ ಮೊದಲ ಸಲ ಏನನ್ನೂ ಮುಟ್ಟದೆ ಕೇಳಿ, ಕಂಡದ್ದನ್ನು ಬರೆದುಕೊಳ್ಳಿ. ಒಂದೆರಡು ಡೆಸಿಬಲ್ ತಿದ್ದಿದರೆ ಸರಿಹೋಗುವುದು ಮಾಸ್ಟರಿಂಗ್. ಎಲ್ಲಾದರೂ 3 ಡೆಸಿಬಲ್‌ಗಿಂತ ಜಾಸ್ತಿ ತಿದ್ದಬೇಕು ಅನ್ನಿಸಿದರೆ ಮಿಕ್ಸ್‌ಗೆ ವಾಪಸ್ ಹೋಗಿ. ನಮ್ಮಂಥ ಮಾಸ್ಟರಿಂಗ್ ಇಂಜಿನಿಯರುಗಳ ಕೈಗೆ ಹೆಚ್ಚಾಗಿ ಬರುವುದು ಮುಗಿದ ಮಿಕ್ಸ್ ಒಂದೇ, ವಾಪಸ್ ಹೋಗುವ ಸ್ವಾತಂತ್ರ್ಯ ಇರುವುದಿಲ್ಲ. ಅದಕ್ಕೇ ನಾವು ಅಷ್ಟೆಲ್ಲ ಉಪಕರಣ ಇಟ್ಟುಕೊಳ್ಳುವುದು. ನಿಮಗೆ ಆ ಸ್ವಾತಂತ್ರ್ಯ ಇದೆ. ದಯವಿಟ್ಟು ಬಳಸಿಕೊಳ್ಳಿ.

ಪ್ಲಗಿನ್ ಕೊಳ್ಳುವ ಅಗತ್ಯ ಸದ್ಯಕ್ಕೆ ಇಲ್ಲ. ನಿಮ್ಮ ಸಾಫ್ಟ್‌ವೇರಿನ ಜೊತೆ ಬಂದ ಈಕ್ವಲೈಸರ್, ಕಂಪ್ರೆಸರ್ ಸಾಕು. ಜೋರು ಅಳೆಯುವ ಯೂಲಿಯನ್ ಲೌಡ್‌ನೆಸ್ ಮೀಟರ್, ಯಾವ ಹರ್ಟ್ಸ್‌ನಲ್ಲಿ ಎಷ್ಟು ಶಕ್ತಿ ಇದೆ ಅಂತ ತೋರಿಸುವ ವೊಕ್ಸೆಂಗೋ ಸ್ಪ್ಯಾನ್ ಎರಡೂ ಉಚಿತವಾಗಿ ಸಿಗುತ್ತವೆ. ಲಿಮಿಟರಿನಲ್ಲಿ 'ಟ್ರೂ ಪೀಕ್' ಆಯ್ಕೆ ಇದ್ದರೆ ಆನ್ ಮಾಡಿ, ಮಿತಿಯನ್ನು ಮೈನಸ್ 1ಕ್ಕೆ ಕಟ್ಟಿ. ಅಪ್‌ಲೋಡ್ ಆದ ಮೇಲೆ ಯೂಟ್ಯೂಬ್, ಸ್ಪಾಟಿಫೈನವರು ಫೈಲನ್ನು ಕುಗ್ಗಿಸುತ್ತಾರೆ. ಆಗ ಶಬ್ದದ ತುದಿಗಳು ಸ್ವಲ್ಪ ಮೇಲೆ ಹೋಗುತ್ತವೆ. ಸೊನ್ನೆಗೇ ಮುಟ್ಟಿಸಿಟ್ಟಿದ್ದರೆ ಅಲ್ಲಿ ಒಡೆದು ಕೇಳಿಸುತ್ತದೆ. ಸ್ಪಾಟಿಫೈ ಕೂಡ ಮೈನಸ್ 1 ಅಂತಲೇ ಸಲಹೆ ಕೊಡುತ್ತದೆ, ಮೈನಸ್ 14ಕ್ಕಿಂತ ಜೋರಾದ ಹಾಡಿಗೆ ಮೈನಸ್ 2.

ಈಗ ಆರು ವಚನಗಳ ವಿಷಯ. ನಿಮ್ಮ ಮುಂದೆ ಮೂರು ದಾರಿ ಇವೆ.

ಎಲ್ಲವನ್ನೂ ನೀವೇ ಮಾಡುವುದು ಒಂದು. ಖರ್ಚಿಲ್ಲ, ಕಲಿಕೆ ಜಾಸ್ತಿ. ಅಪಾಯ ಏನೆಂದರೆ ರೆಕಾರ್ಡ್ ಮಾಡಿದ ಕಿವಿ, ಮಿಕ್ಸ್ ಮಾಡಿದ ಕಿವಿ, ಮಾಸ್ಟರ್ ಮಾಡುವ ಕಿವಿ ಮೂರೂ ಒಂದೇ. ರೂಮೂ ಅದೇ. ಒಂದು ಕಡೆ ಆದ ತಪ್ಪು ಮೂರೂ ಕಡೆ ಗಮನಕ್ಕೆ ಬಾರದೆ ಉಳಿಯುತ್ತದೆ.

ಎರಡನೆಯದು ತಾನಾಗಿ ಮಾಸ್ಟರ್ ಮಾಡಿಕೊಡುವ ಸೇವೆಗಳು. ಲ್ಯಾಂಡರ್ 2014ರಿಂದಲೇ ಇದೆ, ಓಝೋನ್‌ನಂಥ ಸಾಫ್ಟ್‌ವೇರಿನಲ್ಲೂ ಅಂಥ ಸಹಾಯಕ ಇದೆ. ಅಗ್ಗ, ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ನನ್ನ ಅನುಭವದಲ್ಲಿ ಇವು ಸಾಮಾನ್ಯ ಪಾಪ್ ಹಾಡನ್ನು ಪರವಾಗಿಲ್ಲ ಅನ್ನುವಂತೆ ಮುಗಿಸುತ್ತವೆ. ತಂಬೂರಿ, ಒಂಟಿ ಧ್ವನಿ, ಆಲಾಪದ ಮೌನ ಇರುವ ಹಾಡಿನಲ್ಲಿ ಸಣ್ಣದನ್ನು ಎತ್ತಿ ದೊಡ್ಡದನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರುತ್ತವೆ. ಆಲಾಪ ಪಲ್ಲವಿಯಷ್ಟೇ ಜೋರಾಗುತ್ತದೆ. ಬಳಸುವುದಾದರೆ ತುಂಬಾ ಮೃದುವಾದ ಆಯ್ಕೆಯನ್ನೇ ಒತ್ತಿ, ಜೋರು ಸಮ ಮಾಡಿ ನಿಮ್ಮದರ ಜೊತೆ ಹೋಲಿಸಿ.

ಮೂರನೆಯದು ಇಂಜಿನಿಯರಿಗೆ ಕೊಡುವುದು. ನೀವು ಕೊಡುವ ದುಡ್ಡು ಅವರ ಉಪಕರಣಕ್ಕಿಂತ ಹೆಚ್ಚಾಗಿ ಅವರ ರೂಮಿಗೆ, ಹಾಡನ್ನು ಮೊದಲ ಸಲ ಕೇಳುವ ಕಿವಿಗೆ. ಇಲ್ಲೂ ಅಪಾಯ ಇದೆ. ಸಿನಿಮಾ, ಜಾಹೀರಾತಿನ ಕೆಲಸವೇ ಹೆಚ್ಚು ಮಾಡುವವರು ನಿಮ್ಮ ವಚನವನ್ನೂ ಅದೇ ಜೋರಿಗೆ ತಳ್ಳಬಹುದು. ಅವರು ಮಾಡಿದ ಸುಗಮ ಅಥವಾ ಶಾಸ್ತ್ರೀಯ ಕೆಲಸ ಕೇಳಿಸಿಕೊಳ್ಳಿ. 'ಮೈನಸ್ 14ರ ಸುತ್ತ ಸಾಕು, ತಂಬೂರಿ ಅಲುಗಾಡಬಾರದು' ಅಂತ ಮೊದಲೇ ಬರೆದು ಕಳಿಸಿ. ತಿದ್ದುಪಡಿ ಎಷ್ಟು ಸಲ ಮಾಡಿಕೊಡುತ್ತಾರೆ ಅಂತ ಕೇಳಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಹಾಡಿಗೆ ಆ 5,000 ಕೊಡುತ್ತಿದ್ದೆ. ಕೊಡುವಾಗ 'ಮಿಕ್ಸ್‌ನಲ್ಲಿ ಏನು ತಪ್ಪಿದೆ ಹೇಳಿ' ಅಂತ ಕೇಳುತ್ತಿದ್ದೆ. ಒಳ್ಳೆಯ ಇಂಜಿನಿಯರು ಎರಡು ನಿಮಿಷದಲ್ಲಿ ಹೇಳುತ್ತಾರೆ. ಅದನ್ನು ತಿದ್ದಿ ಕೊಟ್ಟು, ಬಂದ ಮಾಸ್ಟರನ್ನು ಮಾದರಿಯಾಗಿ ಇಟ್ಟುಕೊಂಡು ಉಳಿದ ಐದನ್ನು ಮನೆಯಲ್ಲೇ ಮಾಡುತ್ತಿದ್ದೆ. ನಿಮ್ಮದೇ ಧ್ವನಿ, ನಿಮ್ಮದೇ ಶ್ರುತಿ, ನಿಮ್ಮದೇ ತಬಲಾ ಇರುವ ಮಾದರಿ ಬೇರೆಲ್ಲೂ ಸಿಗುವುದಿಲ್ಲ.

ಆರನ್ನೂ ಒಟ್ಟಿಗೆ ಜೋಡಿಸುವಾಗ ಮೀಟರನ್ನು ಸಮ ಮಾಡಬೇಡಿ, ಧ್ವನಿಯನ್ನು ಸಮ ಮಾಡಿ. ಕಣ್ಣು ಮುಚ್ಚಿ ಒಂದರಿಂದ ಇನ್ನೊಂದಕ್ಕೆ ಹಾರಿ ಕೇಳಿ. ಹಾಡುವವರು ಒಂದೇ ಜಾಗದಲ್ಲಿ ನಿಂತಂತೆ ಇರಬೇಕು. ತಬಲಾ ಇರುವ ವಚನ ಮೈನಸ್ 13, ತಂಬೂರಿ ಮಾತ್ರ ಇರುವುದು ಮೈನಸ್ 17 ತೋರಿಸಿದರೂ ಪರವಾಗಿಲ್ಲ. ಇಡೀ ಆಲ್ಬಮ್ಮನ್ನು ಸಾಲಾಗಿ ಕೇಳುವವರಿಗೆ ಸ್ಪಾಟಿಫೈ ಈ ಅಂತರವನ್ನು ಹಾಗೇ ಉಳಿಸುತ್ತದೆ, ಹಾಡು ಹಾಡಿಗೂ ಬೇರೆ ಬೇರೆ ಎತ್ತಿ ಇಳಿಸುವುದಿಲ್ಲ.

ಕೆಲಸವೆಲ್ಲ 24 ಬಿಟ್‌ನಲ್ಲಿ ನಡೆಯಲಿ. ಹಾಡನ್ನು ಸ್ಪಾಟಿಫೈನಂಥ ಕಡೆಗೆ ತಲುಪಿಸುವ ವಿತರಕರಿಗೆ ವೇವ್ ಫೈಲ್ ಕೊಡಿ, ಎಂಪಿ3 ಕೊಡಬೇಡಿ. 16 ಬಿಟ್ ಕೇಳಿದರೆ ಕೊನೆಯ ಹಂತದಲ್ಲಿ ಒಮ್ಮೆ ಮಾತ್ರ ಡಿದರ್ (ಬಿಟ್ ಇಳಿಸುವಾಗ ಸೇರಿಸುವ ಅತಿ ಸಣ್ಣ ಗದ್ದಲ) ಹಾಕಿ ಇಳಿಸಿ. ಪ್ರತಿ ಹಾಡಿನದೂ ಲಿಮಿಟರ್ ಇಲ್ಲದ ಮಿಕ್ಸ್ ಒಂದನ್ನು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಎತ್ತಿಡಿ. ಇನ್ನೆರಡು ವರ್ಷಕ್ಕೆ ನಿಮ್ಮ ಕಿವಿ ಇನ್ನಷ್ಟು ಪಳಗಿರುತ್ತದೆ. ಆಗ ಮತ್ತೆ ಮಾಸ್ಟರ್ ಮಾಡಬೇಕು ಅನ್ನಿಸಿದರೆ ಅದೇ ಫೈಲ್ ಬೇಕಾಗುವುದು.